ಸರಳ ಪದವೋ, ಪಾರಿಭಾಷಿಕ ಪದವೋ: ಕೋಡ್‌ನಲ್ಲಿ ಹೆಸರಿಡುವವರಿಗೊಂದು ಹೋಲಿಕೆ

ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸುವವರಿಗೂ, ಲೈಬ್ರರಿ ಬರೆಯುವವರಿಗೂ, ತಂಡದೊಳಗಷ್ಟೇ ಬಳಕೆಯಾಗುವ ಒಂದು ಚಿಕ್ಕ ಫಂಕ್ಷನ್‌ಗೆ ಹೆಸರು ಹುಡುಕುವವರಿಗೂ ಎದುರಾಗುವ ಪ್ರಶ್ನೆ ಒಂದೇ. 'ರಿಪೀಟ್', 'ದೆನ್', 'ಫಸ್ಟ್' ಎಂಬಂಥ ದಿನಬಳಕೆಯ ಇಂಗ್ಲಿಷ್ ಪದವನ್ನು ಆರಿಸಬೇಕೆ, ಅಥವಾ 'ಲ್ಯಾಂಬ್ಡಾ', 'ಮೊನ್ಯಾಡ್', 'ಐಡೆಂಪೊಟೆಂಟ್' ಎಂಬಂಥ ಪಾರಿಭಾಷಿಕ ಪದವನ್ನೇ ಉಳಿಸಿಕೊಳ್ಳಬೇಕೆ?

ಬಹುತೇಕ ಸಂದರ್ಭಗಳಲ್ಲಿ ನನ್ನ ಮತ ಸರಳ ಪದಕ್ಕೆ. ಆದರೆ ಅದಕ್ಕೊಂದು ಷರತ್ತಿದೆ: ಪದವನ್ನು ಮೊದಲ ಸಲ ಕಂಡವರು ಅದರ ದಿನಬಳಕೆಯ ಅರ್ಥದಿಂದ ಊಹಿಸಿಕೊಂಡದ್ದು ಕೋಡ್‌ನಲ್ಲಿಯೂ ನಿಜವಾಗಿರಬೇಕು. ತಪ್ಪು ಊಹೆಗೆ ದಾರಿ ಮಾಡಿಕೊಡುವ ಸರಳ ಪದಕ್ಕಿಂತ, ಏನನ್ನೂ ಸೂಚಿಸದ ಕಠಿಣ ಪದವೇ ವಾಸಿ. ಗೊತ್ತಿಲ್ಲದ ಪದವನ್ನು ಓದುಗರು ಹುಡುಕಿ ತಿಳಿದುಕೊಳ್ಳುತ್ತಾರೆ. ಗೊತ್ತಿದೆ ಎಂದುಕೊಂಡ ಪದವನ್ನು ಯಾರೂ ಹುಡುಕಲು ಹೋಗುವುದಿಲ್ಲ.

ಊಹೆ ಎತ್ತ ಒಯ್ಯುತ್ತದೆ

ಈ ಅಪಾಯಕ್ಕೆ 'ಸೆಲೆಕ್ಟ್'ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ದತ್ತಾಂಶವನ್ನು ಸಾಲು, ಕಾಲಂಗಳ ಕೋಷ್ಟಕಗಳಾಗಿ ಇಡುವ, ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ರಿಲೇಷನಲ್ ಮಾದರಿಯನ್ನು ಆಧರಿಸಿ, ಐಬಿಎಂನಲ್ಲಿದ್ದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ 'ಸೀಕ್ವೆಲ್' ಎಂಬ ಭಾಷೆಯನ್ನು ಪ್ರಕಟಿಸಿದರು. ಆ ಹೆಸರಿನ ವಿಸ್ತರಣೆಯಲ್ಲಿಯೇ 'ಇಂಗ್ಲಿಷ್' ಎಂಬ ಮಾತು ಸೇರಿತ್ತು. ಗಣಿತದ ಚಿಹ್ನೆಗಳನ್ನು ಬಿಟ್ಟು ವಾಕ್ಯದ ಹಾಗೆ ಓದಬಹುದಾದ ಪ್ರಶ್ನಾಭಾಷೆಯೊಂದನ್ನು ಕೊಡಬೇಕೆಂಬುದು ಅವರ ಉದ್ದೇಶವಾಗಿತ್ತು. ಇಂದಿನ ಎಸ್‌ಕ್ಯೂಎಲ್ ಹುಟ್ಟಿದ್ದು ಅದರಿಂದಲೇ. ಆದರೆ ರಿಲೇಷನಲ್ ಬೀಜಗಣಿತದಲ್ಲಿ 'ಸೆಲೆಕ್ಷನ್' ಎಂದರೆ ಸಾಲುಗಳನ್ನು ಆರಿಸುವುದು. ಎಸ್‌ಕ್ಯೂಎಲ್‌ನ 'ಸೆಲೆಕ್ಟ್' ಆರಿಸುವುದು ಕಾಲಂಗಳನ್ನು. ಬೀಜಗಣಿತದಲ್ಲಿ ಆ ಕೆಲಸಕ್ಕೆ 'ಪ್ರೊಜೆಕ್ಷನ್' ಎಂದು ಹೆಸರು. ಸಾಲುಗಳನ್ನು ಆರಿಸುವ ಹೊಣೆಯನ್ನು ಎಸ್‌ಕ್ಯೂಎಲ್ 'ವೇರ್'ಗೆ ವಹಿಸಿತು.

ಮುಂದೆ 2007ರಲ್ಲಿ ಸಿ ಶಾರ್ಪ್ ಭಾಷೆಯ 3.0 ಆವೃತ್ತಿಯ ಜೊತೆಗೆ, ದತ್ತಾಂಶವನ್ನು ಕೋಡ್‌ನೊಳಗಿಂದಲೇ ಪ್ರಶ್ನಿಸುವ 'ಲಿಂಕ್' ಎಂಬ ಸೌಲಭ್ಯ ಬಂದಾಗ ಅದರ ವಿನ್ಯಾಸಕರು 'ಮ್ಯಾಪ್', 'ಫಿಲ್ಟರ್', 'ಫೋಲ್ಡ್' ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್‌ನ ಹೆಸರುಗಳನ್ನು ಬಿಟ್ಟು 'ಸೆಲೆಕ್ಟ್', 'ವೇರ್', 'ಅಗ್ರಿಗೇಟ್' ಎಂದು ಕರೆದರು. ಡೇಟಾಬೇಸ್ ಬಲ್ಲವರಿಗೆ ಪರಿಚಿತವಾಗಿರಲಿ ಎಂಬ ಸದುದ್ದೇಶ ಅದರಲ್ಲಿತ್ತು. ಹೀಗಾಗಿ ಅಲ್ಲಿ 'ಸೆಲೆಕ್ಟ್' ಎಂದರೆ ಪ್ರತಿಯೊಂದು ಅಂಶವನ್ನೂ ಬೇರೊಂದಾಗಿ ಪರಿವರ್ತಿಸುವುದು. ರೂಬಿಯಲ್ಲಿ ಅದೇ 'ಸೆಲೆಕ್ಟ್' ಷರತ್ತಿಗೆ ಹೊಂದುವ ಅಂಶಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಗೋ ಭಾಷೆಯಲ್ಲಿ ಅದು, ಏಕಕಾಲದಲ್ಲಿ ನಡೆಯುವ ಕೆಲಸಗಳ ನಡುವೆ ಮೌಲ್ಯಗಳನ್ನು ಸಾಗಿಸುವ ಹಲವು ಚಾನೆಲ್‌ಗಳಲ್ಲಿ ಯಾವುದು ಮೊದಲು ಸಿದ್ಧವಾಗುತ್ತದೆಂದು ಕಾಯುತ್ತದೆ. 'ಕಲೆಕ್ಟ್' ಪದದ ಕಥೆಯೂ ಹೀಗೆಯೇ. ರೂಬಿಯಲ್ಲಿ ಅದು 'ಮ್ಯಾಪ್'ನ ಇನ್ನೊಂದು ಹೆಸರು. ಎಫ್ ಶಾರ್ಪ್‌ನಲ್ಲಿ ಪರಿವರ್ತಿಸಿ ಬಂದ ಪಟ್ಟಿಗಳನ್ನು ಒಂದೇ ಪಟ್ಟಿಯಾಗಿ ಜೋಡಿಸುವುದು. ಜಾವಾ ಮತ್ತು ರಸ್ಟ್‌ನಲ್ಲಿ ಒಂದೊಂದಾಗಿ ಹರಿದುಬರುವ ಮೌಲ್ಯಗಳನ್ನು ಕೂಡಿಸಿ ಇಡುವುದು. ಇವುಗಳಲ್ಲಿ ಯಾವುದೂ ದಿನಬಳಕೆಯ ಅರ್ಥಕ್ಕೆ ವಿರುದ್ಧವಲ್ಲ. ತೊಂದರೆ ಹುಟ್ಟುವುದೂ ಅಲ್ಲಿಂದಲೇ: ಸಾಮಾನ್ಯ ಪದದ ಅರ್ಥ ಎಷ್ಟು ಅಗಲವೆಂದರೆ ಬೇರೆ ಬೇರೆ ನಾಲ್ಕು ಕೆಲಸಗಳೂ ಅದರೊಳಗೆ ಹಿಡಿಸುತ್ತವೆ. ಹೋಲಿಸಿ ನೋಡಿದರೆ 'ಫೋಲ್ಡ್' ಎಂಬ ಪಾರಿಭಾಷಿಕ ಪದ ಎಫ್ ಶಾರ್ಪ್, ರಸ್ಟ್, ಕೋಟ್ಲಿನ್ ಎಲ್ಲ ಕಡೆಯೂ ಒಂದೇ ಕೆಲಸ ಮಾಡುತ್ತದೆ: ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತ ಒಂದೇ ಮೌಲ್ಯಕ್ಕೆ ಇಳಿಸುವುದು. ಒಮ್ಮೆ ಕಲಿತರೆ ಎಲ್ಲೆಡೆ ನಡೆಯುತ್ತದೆ.

ಇನ್ನೂ ನಯವಾಗಿ ಮೋಸಮಾಡುವ ಪದಗಳಿವೆ. ಎಸ್‌ಕ್ಯೂಎಲ್‌ನ 'ಬಿಟ್ವೀನ್' ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ. ಪೂರ್ಣಸಂಖ್ಯೆಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಗಂಟೆ, ನಿಮಿಷಗಳೂ ದಾಖಲಾಗಿರುವ ಕಾಲಂ ಒಂದರಲ್ಲಿ ತಿಂಗಳ 1ರಿಂದ 31ರ ನಡುವಿನದನ್ನು ಕೇಳಿದರೆ, 31 ಎಂಬುದು ಆ ದಿನದ ಮೊದಲ ಕ್ಷಣವೆಂದು ಪರಿಗಣಿತವಾಗಿ ಕೊನೆಯ ದಿನದ ವಹಿವಾಟು ಬಹುಪಾಲು ಲೆಕ್ಕದಿಂದ ಹೊರಗುಳಿಯುತ್ತದೆ. ಎಕ್ಸೆಲ್‌ನ 'ವಿಲುಕಪ್' ಫಂಕ್ಷನ್‌ಗೆ ಕೊನೆಯ ಆಯ್ಕೆಯನ್ನು ಕೊಡದೇ ಹೋದರೆ ಅದು ಹುಡುಕುವುದು ಹತ್ತಿರದ ಹೊಂದಿಕೆಯನ್ನು, ನಿಖರವಾದುದನ್ನಲ್ಲ. ಪಟ್ಟಿ ಕ್ರಮವಾಗಿ ಜೋಡಣೆಯಾಗಿರದಿದ್ದರೆ ತಪ್ಪು ಉತ್ತರ ಬರಬಹುದು, ಅದೂ ಯಾವ ಎಚ್ಚರಿಕೆಯೂ ಇಲ್ಲದೆ. 'ಲುಕಪ್' ಎಂಬ ಪದವನ್ನು ಓದಿದ ಯಾರಿಗೂ ಅದು ಹತ್ತಿರದ್ದನ್ನು ತಂದುಕೊಡಬಹುದೆಂಬ ಅನುಮಾನ ಬರುವುದಿಲ್ಲ. ಆಮೇಲೆ ಬಂದ 'ಎಕ್ಸ್‌ಲುಕಪ್'ನಲ್ಲಿ ನಿಖರ ಹೊಂದಿಕೆಯೇ ಸಹಜ ವರ್ತನೆಯಾಯಿತು. ಪೈಥಾನ್‌ನಲ್ಲಿ 'ಫಾರ್' ಲೂಪ್‌ನ ಹಿಂದೆ ಬರುವ 'ಎಲ್ಸ್' ಇನ್ನೊಂದು ಉದಾಹರಣೆ. ಲೂಪ್ ಒಮ್ಮೆಯೂ ನಡೆಯದಿದ್ದಾಗ ಅದು ಕೆಲಸ ಮಾಡುತ್ತದೆಂದು ಓದುಗರು ಭಾವಿಸುತ್ತಾರೆ. ನಿಜದಲ್ಲಿ 'ಬ್ರೇಕ್' ಆಗದೆ ಲೂಪ್ ಪೂರ್ತಿಯಾದಾಗ ಅದು ನಡೆಯುತ್ತದೆ.

ಕೋಟ್ಲಿನ್ ಭಾಷೆಯ 'ಅನ್‌ಟಿಲ್' ಪ್ರಸಂಗ ನನಗೆ ಬಹಳ ಇಷ್ಟ. ಮೇಲಿನ ತುದಿಯನ್ನು ಬಿಟ್ಟು ಎಣಿಸುವ ವ್ಯಾಪ್ತಿಗೆ ಅಲ್ಲಿ ಈ ಸರಳ ಪದವಿತ್ತು. ಆದರೆ 'ಹತ್ತರವರೆಗೆ' ಎಂದಾಗ ಹತ್ತು ಸೇರಿತೇ ಇಲ್ಲವೇ ಎಂಬ ಗೊಂದಲ ತೀರಲಿಲ್ಲ. ಭಾಷೆಯ ತಂಡ ಬಳಕೆದಾರರ ಅಧ್ಯಯನ ನಡೆಸಿ, ಎರಡು ಚುಕ್ಕಿಗಳ ಮುಂದೆ 'ಕಡಿಮೆ' ಚಿಹ್ನೆಯಿರುವ '..<' ಗುರುತು ಅರ್ಥವನ್ನು ಹೆಚ್ಚು ಸ್ಪಷ್ಟವಾಗಿ ತಿಳಿಸುತ್ತದೆಂದು ಕಂಡುಕೊಂಡಿತು. 2023ರ 1.9 ಆವೃತ್ತಿಯಲ್ಲಿ ಅದು ಸ್ಥಿರವಾಯಿತು. ಸರಳ ಪದಕ್ಕಿಂತ ಚಿಹ್ನೆಯೇ ಸುಲಭವಾದ ಅಪರೂಪದ ಸಂದರ್ಭ ಇದು. ಕಾರಣವೂ ಸ್ಪಷ್ಟವಾಗಿದೆ: ಪದದಲ್ಲಿ ಇಲ್ಲದ ಮಾಹಿತಿ ಆ ಗುರುತಿನಲ್ಲಿದೆ.

ವಾಕ್ಯದಂತೆ ಕಾಣುವ ಕೋಡ್

ಒಂದೊಂದು ಪದವನ್ನು ಸರಳಗೊಳಿಸುವುದು ಬೇರೆ, ಇಡೀ ಭಾಷೆಯನ್ನು ಇಂಗ್ಲಿಷ್ ವಾಕ್ಯದ ಅಚ್ಚಿಗೆ ಹೊಯ್ಯುವುದು ಬೇರೆ. ಗ್ರೇಸ್ ಹಾಪರ್ 1950ರ ದಶಕದಲ್ಲಿ 'ಫ್ಲೋ-ಮ್ಯಾಟಿಕ್' ಭಾಷೆಯನ್ನು ರೂಪಿಸಿದಾಗ ಅವರಲ್ಲಿದ್ದ ಕಾಳಜಿ ಪ್ರಾಮಾಣಿಕವಾದುದು. ಲೆಕ್ಕಪತ್ರ, ಸಂಬಳದ ಕೆಲಸ ಮಾಡುವವರೆಲ್ಲ ಗಣಿತಜ್ಞರಲ್ಲ, ಅವರ ಮೇಲೆ ಚಿಹ್ನೆಗಳನ್ನು ಹೇರಬಾರದು ಎಂಬುದು ಅವರ ನಿಲುವು. 1959ರಲ್ಲಿ ಶುರುವಾದ ಕೊಬಾಲ್ ಆ ದಾರಿಯನ್ನೇ ಹಿಡಿಯಿತು. ಎರಡು ಸಂಖ್ಯೆಗಳನ್ನು ಕೂಡಲು 'ಆಡ್', 'ಟು', 'ಗಿವಿಂಗ್' ಎಂದು ವಾಕ್ಯವನ್ನೇ ಬರೆಯಬಹುದು. ಕೂಡುವುದು, ಕಳೆಯುವುದು ಇಷ್ಟೇ ಇದ್ದಾಗ ಇದು ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ. ಬಡ್ಡಿಯ ಸೂತ್ರ ಬಂದ ಕೂಡಲೇ ಉಸಿರು ಕಟ್ಟುತ್ತದೆ. ಕೊಬಾಲ್‌ನಲ್ಲಿಯೇ 'ಕಂಪ್ಯೂಟ್' ಎಂಬ ಹೇಳಿಕೆ ಇದ್ದು, ಅದರೊಳಗೆ ಮಾಮೂಲಿ ಗಣಿತದ ಚಿಹ್ನೆಗಳನ್ನೇ ಬರೆಯುತ್ತಾರೆ.

1993ರ ಆಪಲ್‌ಸ್ಕ್ರಿಪ್ಟ್ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಅದರ ಕೋಡನ್ನು ಯಾರು ಬೇಕಾದರೂ ಓದಿ ಅರ್ಥಮಾಡಿಕೊಳ್ಳಬಹುದು. ಬರೆಯಲು ಹೊರಟಾಗ ತೊಡಕು ಶುರು. ಇಂಗ್ಲಿಷ್‌ನಲ್ಲಿ ಒಂದು ಸಂಗತಿಯನ್ನು ಹತ್ತು ಬಗೆಯಲ್ಲಿ ಹೇಳಬಹುದು, ಕಂಪೈಲರ್ ಒಪ್ಪುವುದು ಅದರಲ್ಲಿ ಒಂದೆರಡನ್ನು ಮಾತ್ರ, ಯಾವ ಒಂದೆರಡು ಎಂಬುದಕ್ಕೆ ಇಂಗ್ಲಿಷ್ ಜ್ಞಾನ ನೆರವಾಗುವುದಿಲ್ಲ. ಸ್ವಾಭಾವಿಕ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಆಸೆಯನ್ನು ಗಣಕ ವಿಜ್ಞಾನಿ ಎಡ್ಸ್ಕರ್ ಡೈಕ್‌ಸ್ಟ್ರಾ ಕಟುವಾಗಿ ವಿರೋಧಿಸಿದ್ದರು. ಅವರ ಕಟುತನ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಓದುವವರ ಮೇಲೆ ಹಾಪರ್ ಅವರಿಗಿದ್ದ ಕಾಳಜಿಯನ್ನು ಆ ವಾದ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಆದರೆ ಚಿಹ್ನೆಗಳ ಬಿಗಿತನದಿಂದಲೇ ಎಷ್ಟೋ ತಪ್ಪುಗಳು ತಪ್ಪುತ್ತವೆ ಎಂಬ ಅವರ ಮೂಲ ಅಂಶ ಸರಿಯಾದುದೇ.

ಪದಗಳ ಕ್ರಮವನ್ನೂ ಇಂಗ್ಲಿಷ್‌ನಿಂದ ತಂದರೆ ಏನಾಗುತ್ತದೆಂದು ಎಸ್‌ಕ್ಯೂಎಲ್ ತೋರಿಸುತ್ತದೆ. ಬರೆಯುವಾಗ 'ಸೆಲೆಕ್ಟ್' ಮೊದಲು, 'ಫ್ರಮ್' ಆಮೇಲೆ. ತಾರ್ಕಿಕವಾಗಿ ಮೊದಲು ನಡೆಯುವುದು 'ಫ್ರಮ್', ನಂತರ 'ವೇರ್', ಅದಾದ ಮೇಲೆ 'ಸೆಲೆಕ್ಟ್'. ಆದ್ದರಿಂದಲೇ 'ಸೆಲೆಕ್ಟ್'ನಲ್ಲಿ ಕೊಟ್ಟ ಹೊಸ ಹೆಸರನ್ನು ಪ್ರಮಾಣಿತ ಎಸ್‌ಕ್ಯೂಎಲ್‌ನ 'ವೇರ್'ನಲ್ಲಿ ಬಳಸುವಂತಿಲ್ಲ. ಕಲಿಯುವವರಿಗೆ ಇದು ಅರ್ಥಹೀನ ನಿರ್ಬಂಧದಂತೆ ಕಾಣುತ್ತದೆ. ಲಿಂಕ್‌ನಲ್ಲಿ 'ಫ್ರಮ್' ಅನ್ನು ಮುಂದಕ್ಕೆ ತಂದರು. ವಾಕ್ಯ ಕೊಂಚ ಸೊಟ್ಟಗಾದರೂ ದತ್ತಾಂಶ ಎಲ್ಲಿಂದ ಬರುತ್ತದೆಂಬುದು ಎಡಿಟರ್‌ಗೆ ಮೊದಲೇ ತಿಳಿದು, ಮುಂದಿನ ಪದಗಳನ್ನು ಅದು ಸೂಚಿಸಬಲ್ಲದು. ಪದಗಳನ್ನು ಇಂಗ್ಲಿಷ್‌ನಿಂದ ತನ್ನಿ, ವಾಕ್ಯರಚನೆಯನ್ನು ತರಬೇಡಿ ಎಂಬುದು ಈ ವಿಷಯದಲ್ಲಿ ನನ್ನ ತೀರ್ಮಾನ.

ಮೊನ್ಯಾಡ್ ಎಂಬ ಪದವನ್ನು ಕಿತ್ತುಹಾಕಬಹುದೆ?

ಜಾರ್ಗನ್ ವಿರುದ್ಧದ ದೂರುಗಳಲ್ಲಿ ಯಾವಾಗಲೂ ಮೊದಲ ಸ್ಥಾನದಲ್ಲಿರುವುದು ಇದೇ ಪದ. ಸ್ಥೂಲವಾಗಿ ಹೇಳುವುದಾದರೆ, ಒಂದು ಹಂತದ ಫಲಿತಾಂಶವನ್ನು ಮುಂದಿನ ಹಂತಕ್ಕೆ ಕೊಡುತ್ತ ಕೆಲಸಗಳನ್ನು ಜೋಡಿಸುವ ಒಂದು ಮಾದರಿ ಇದು. ಕೆಟಗರಿ ಥಿಯರಿ ಎಂಬ ಗಣಿತ ಶಾಖೆಯಿಂದ ಬಂದ ಇದನ್ನು 1989ರಲ್ಲಿ ಯೂಜೀನಿಯೋ ಮೊಗ್ಗಿ ಪ್ರೋಗ್ರಾಮ್‌ಗಳ ಅರ್ಥವಿವರಣೆಗೆ ಬಳಸಿದರು. ಫಿಲಿಪ್ ವಾಡ್ಲರ್ ಮೊದಲಾದವರ ಕೆಲಸದಿಂದ ಅದು ಹ್ಯಾಸ್ಕೆಲ್ ಭಾಷೆಯ ಒಳಗೆ ಬಂದಿತು. ಪದವನ್ನು ಕೇಳಿ ಅದರ ಕೆಲಸ ಏನೆಂದು ಊಹಿಸಲು ಸಾಧ್ಯವೇ ಇಲ್ಲ.

ಬದಲಿ ದಾರಿಗಳು ಎಷ್ಟೋ ಇವೆ. ಎಲ್ಮ್ ಭಾಷೆಯಲ್ಲಿ 'ಮೊನ್ಯಾಡ್' ಎಂಬ ಮಾತೇ ಇಲ್ಲ, ಇರುವುದು 'ಆಂಡ್‌ದೆನ್'. ಇರಬಹುದಾದ ಅಥವಾ ಇಲ್ಲದಿರಬಹುದಾದ ಮೌಲ್ಯಕ್ಕೆ ಒಂದು 'ಆಂಡ್‌ದೆನ್', ದೋಷವಾಗಬಹುದಾದ ಫಲಿತಾಂಶಕ್ಕೆ ಇನ್ನೊಂದು, ಹೊರಜಗತ್ತಿನ ಕೆಲಸಕ್ಕೆ ಮತ್ತೊಂದು. ರಸ್ಟ್ ಕೂಡ ಅದೇ ಹೆಸರನ್ನು ಇಟ್ಟುಕೊಂಡಿದೆ. 'ಇದಾದ ಮೇಲೆ ಅದು' ಎಂಬ ಊಹೆ ಇಲ್ಲಿ ಸಂಪೂರ್ಣ ಸರಿ, ಹಾಗಾಗಿ ನನ್ನ ಷರತ್ತನ್ನು ಈ ಪದ ಪೂರೈಸುತ್ತದೆ. ಮೂರು ಕಡೆ ಒಂದೇ ಹೆಸರು ಕಂಡ ಕಲಿಯುವವರಿಗೆ ಇವುಗಳ ಆಕಾರ ಒಂದೇ ಎಂಬುದು ತಾನಾಗಿ ಹೊಳೆಯುತ್ತದೆ. ಕಲಿಸುವ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ.

ಹಾಗಾದರೆ ಹ್ಯಾಸ್ಕೆಲ್ ಹಟ ಹಿಡಿದದ್ದೇಕೆ? 'ಆಂಡ್‌ದೆನ್' ಎಂಬುದು ಒಂದು ಕ್ರಿಯೆಯ ಹೆಸರು. 'ಮೊನ್ಯಾಡ್' ಆ ಕ್ರಿಯೆಯ ಜೊತೆಗೆ ಮೂರು ನಿಯಮಗಳನ್ನೂ ಪಾಲಿಸುವ ಎಲ್ಲ ಸಂಗತಿಗಳ ಒಟ್ಟು ಹೆಸರು. ಹ್ಯಾಸ್ಕೆಲ್‌ನಲ್ಲಿ ಒಂದು ಫಂಕ್ಷನ್ ಬರೆದರೆ ಅದು ಪಟ್ಟಿಗೂ, ಇಲ್ಲದಿರಬಹುದಾದ ಮೌಲ್ಯಕ್ಕೂ, ಹೊರಜಗತ್ತಿನ ಕೆಲಸಕ್ಕೂ ಬದಲಾವಣೆಯಿಲ್ಲದೆ ಸಲ್ಲುತ್ತದೆ. ಎಲ್ಮ್‌ನಲ್ಲಿ ಅದನ್ನು ಪ್ರತಿಯೊಂದಕ್ಕೂ ಬೇರೆಯಾಗಿ ಬರೆಯಬೇಕು. ಆದ್ದರಿಂದ ಮೇಲುನೋಟಕ್ಕೆ ಪದದ ಆಯ್ಕೆಯಂತೆ ಕಾಣುವ ಈ ಪ್ರಶ್ನೆ ನಿಜವಾಗಿ ಅಮೂರ್ತತೆಯ ಆಯ್ಕೆ. ನಿಮ್ಮ ಭಾಷೆಯಲ್ಲಿ ಆ ಸಾಮಾನ್ಯೀಕರಣ ಇಲ್ಲವೆಂದಾದರೆ ಹೆಸರೂ ಬೇಡ. ಇದೆಯೆಂದಾದರೆ ಅದಕ್ಕೊಂದು ಹೆಸರು ಬೇಕೇ ಬೇಕು, ಮತ್ತು ದಿನಬಳಕೆಯಲ್ಲಿ ಅದಕ್ಕೆ ಸಮನಾದ ಪದ ಇಲ್ಲ, ಏಕೆಂದರೆ ದಿನನಿತ್ಯದ ಬದುಕಿನಲ್ಲಿ ಯಾರಿಗೂ ಆ ಕಲ್ಪನೆ ಬೇಕಾಗಿರಲಿಲ್ಲ.

ಇಂಥ ಕಡೆ ಅರೆಸರಳ ಪದ ಎಷ್ಟು ಹಾನಿ ಮಾಡುತ್ತದೆಂಬುದಕ್ಕೆ ಹ್ಯಾಸ್ಕೆಲ್‌ನಲ್ಲಿಯೇ ಸಾಕ್ಷಿ ಇದೆ. ಮೌಲ್ಯವೊಂದನ್ನು ಮೊನ್ಯಾಡ್‌ನೊಳಗೆ ಇರಿಸುವ ಫಂಕ್ಷನ್‌ಗೆ ಅಲ್ಲಿ 'ರಿಟರ್ನ್' ಎಂದು ಹೆಸರಿಟ್ಟರು. ಬೇರೆ ಭಾಷೆಗಳಿಂದ ಬಂದವರೆಲ್ಲ ಅದು ಫಂಕ್ಷನ್‌ನಿಂದ ಹೊರಬರುತ್ತದೆಂದು ನಂಬಿದರು. ಅದು ಎಲ್ಲಿಂದಲೂ ಹೊರಬರುವುದಿಲ್ಲ, ಮುಂದಿನ ಸಾಲುಗಳು ಎಂದಿನಂತೆ ನಡೆಯುತ್ತವೆ. ಹ್ಯಾಸ್ಕೆಲ್‌ನ ಕಂಪೈಲರ್ ಆದ ಜಿಎಚ್‌ಸಿಯ 2015ರ 7.10 ಆವೃತ್ತಿಯಿಂದ ಎಲ್ಲ ಮೊನ್ಯಾಡ್‌ಗಳಿಗೂ 'ಪ್ಯೂರ್' ಎಂಬ ಹೆಸರು ಲಭ್ಯವಾಗಿ, ಈಗ ಅನೇಕರು ಅದನ್ನೇ ಬಳಸುತ್ತಾರೆ. ಅದು ಹೆಚ್ಚೇನೂ ಹೇಳುವುದಿಲ್ಲ. ಆದರೆ ಸುಳ್ಳನ್ನಂತೂ ಹೇಳುವುದಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ಮುಂದೆ ಸಿಗಲಿರುವ ಮೌಲ್ಯವನ್ನು ಪ್ರತಿನಿಧಿಸುವ ಪ್ರಾಮಿಸ್‌ಗಳಲ್ಲಿರುವ 'ದೆನ್' ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ. ನೀವು ಸಾಮಾನ್ಯ ಮೌಲ್ಯವನ್ನು ಕೊಟ್ಟರೆ ಅದನ್ನು ಪ್ರಾಮಿಸ್‌ನಲ್ಲಿ ಸುತ್ತುತ್ತದೆ, ಪ್ರಾಮಿಸ್ ಅನ್ನೇ ಕೊಟ್ಟರೆ ಬಿಚ್ಚಿ ಸಪಾಟು ಮಾಡುತ್ತದೆ. ಎರಡು ಬೇರೆ ಕ್ರಿಯೆಗಳು ಒಂದು ಪದದೊಳಗೆ ಅಡಗಿವೆ. ಸಿದ್ಧಾಂತ ಬಲ್ಲವರು ಇದನ್ನು ಆಕ್ಷೇಪಿಸುತ್ತಾರೆ. ಆದರೂ ಕೋಟ್ಯಂತರ ಸಾಲುಗಳಲ್ಲಿ ಇದು ಓದುಗರನ್ನು ದಾರಿ ತಪ್ಪಿಸದೆ ನಡೆದಿದೆ. ನನ್ನ ಮಟ್ಟಿಗೆ ಇದು ಸರಳ ಪದದ ಗೆಲುವೇ.

ಒಂದೇ ದಾಖಲೆ, ಎರಡು ಬಗೆಯ ಪದ

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಯ ಪ್ರಮಾಣಕದಲ್ಲಿ ವಿನಂತಿಗಳಿಗೆ ಎರಡು ಗುಣಗಳನ್ನು ಹೇಳಿದ್ದಾರೆ. ಒಂದು 'ಸೇಫ್', ಇನ್ನೊಂದು 'ಐಡೆಂಪೊಟೆಂಟ್'. ಸರ್ವರ್‌ನ ಸ್ಥಿತಿಯನ್ನು ಬದಲಿಸಬೇಕೆಂದು ಕೇಳದ 'ಗೆಟ್', 'ಹೆಡ್' ಮುಂತಾದವು ಸೇಫ್. ಒಮ್ಮೆ ಕಳುಹಿಸಿದರೂ ಹತ್ತು ಸಲ ಕಳುಹಿಸಿದರೂ ಉದ್ದೇಶಿತ ಪರಿಣಾಮ ಒಂದೇ ಆಗಿರುವ 'ಪುಟ್', 'ಡಿಲೀಟ್' ಮುಂತಾದವು ಐಡೆಂಪೊಟೆಂಟ್. ಈ ಎರಡನೆಯ ಪದವನ್ನು ಗಣಿತಜ್ಞ ಬೆಂಜಮಿನ್ ಪೀರ್ಸ್ 1870ರಲ್ಲಿ ಲ್ಯಾಟಿನ್ ಧಾತುಗಳಿಂದ ಕಟ್ಟಿದರು.

ಇವುಗಳಲ್ಲಿ ಯಾವುದನ್ನು ಜನ ತಪ್ಪಾಗಿ ಬಳಸುತ್ತಾರೆಂದು ಗಮನಿಸಿ. 'ಸೇಫ್' ಎಂಬುದನ್ನು ಭದ್ರತೆ ಎಂದು ತಿಳಿದುಕೊಳ್ಳುತ್ತಾರೆ. 'ಗೆಟ್' ವಿನಂತಿಯ ವಿಳಾಸದಲ್ಲಿ ಗುಪ್ತಪದವನ್ನು ಸೇರಿಸಿ ಕಳುಹಿಸಿದರೆ ಅದು ಪ್ರಮಾಣಕದ ಪ್ರಕಾರ ಸೇಫ್, ಮಾಮೂಲಿ ಅರ್ಥದಲ್ಲಿ ಅಪಾಯ. 'ಐಡೆಂಪೊಟೆಂಟ್' ಅನ್ನು ಮಾತ್ರ ಯಾರೂ ಅರ್ಧಂಬರ್ಧ ಬಳಸುವುದಿಲ್ಲ. ಅದು ಗೊತ್ತಿರುತ್ತದೆ, ಇಲ್ಲವೇ ಗೊತ್ತಿಲ್ಲವೆಂಬುದಾದರೂ ಗೊತ್ತಿರುತ್ತದೆ. ಆದರೂ ಕೋಡ್‌ನೊಳಗಿನ ಫಂಕ್ಷನ್‌ಗೆ ಹೆಸರಿಡುವಾಗ ನಾನು 'ಮರಳಿ ಕಳುಹಿಸಬಹುದು' ಎಂಬರ್ಥದ ಸರಳ ಹೆಸರನ್ನೇ ಆರಿಸುತ್ತೇನೆ, ವಿವರಣೆಯ ಸಾಲಿನಲ್ಲಿ ಐಡೆಂಪೊಟೆಂಟ್ ಎಂದು ಬರೆಯುತ್ತೇನೆ. ಆ ಪದವನ್ನು ಹಿಡಿದು ಹುಡುಕಿದವರಿಗೆ ನೇರವಾಗಿ ಬೇಕಾದದ್ದೇ ಸಿಗುತ್ತದೆ. 'ಸೇಫ್' ಎಂದು ಹುಡುಕಿದರೆ ಸಿಗುವುದೆಲ್ಲವೂ ಬೇರೆಯದೇ.

ರೂಪಕಗಳ ಬಲ ಮತ್ತು ಮಿತಿ

ಸರಳ ಪದ ಮತ್ತು ಪರಿಭಾಷೆಗಳ ನಡುವೆ ಮೂರನೆಯದೊಂದಿದೆ: ದಿನಬಳಕೆಯ ಪದಗಳ ಗುಂಪೊಂದನ್ನು ಎರವಲು ತಂದು ಅವುಗಳಿಗೆ ನಿಖರ ಅರ್ಥ ಕಟ್ಟುವುದು. ರಸ್ಟ್ ಇದನ್ನು ಯಾವ ಭಾಷೆಗಿಂತಲೂ ಚೆನ್ನಾಗಿ ಮಾಡಿದೆ. ಅದರ ಹಿಂದೆ ಅಫೈನ್ ಟೈಪ್, ರೀಜನ್ ಮುಂತಾದ ಸಿದ್ಧಾಂತಗಳಿವೆ. ಬಳಕೆದಾರರು ಕೇಳುವುದು ಮಾತ್ರ ಒಡೆತನ, ಎರವಲು, ವರ್ಗಾವಣೆ ಎಂಬರ್ಥದ 'ಓನರ್‌ಶಿಪ್', 'ಬಾರೋ', 'ಮೂವ್'. ಎರವಲು ಕೊಟ್ಟ ವಸ್ತುವನ್ನು ಮಾರಲಾಗದು, ಕೈಬಿಟ್ಟ ವಸ್ತುವನ್ನು ಮತ್ತೆ ಬಳಸಲಾಗದು ಎಂಬ ಊಹೆಗಳೆಲ್ಲ ಕಂಪೈಲರ್‌ನ ನಿಯಮಗಳೊಂದಿಗೆ ತಾಳೆಯಾಗುತ್ತವೆ.

ಅದೇ ಗುಂಪಿನ 'ಲೈಫ್‌ಟೈಮ್' ಅಷ್ಟು ಸಫಲವಾಗಲಿಲ್ಲ. ಅದನ್ನು ನಮೂದಿಸಿದರೆ ಮೌಲ್ಯದ ಆಯಸ್ಸು ಹೆಚ್ಚುತ್ತದೆಂದು ಹೊಸಬರು ತಿಳಿಯುತ್ತಾರೆ, ಆದರೆ ಅದು ಇರುವ ಸಂಬಂಧವನ್ನು ವಿವರಿಸುತ್ತದೆಯೇ ಹೊರತು ಏನನ್ನೂ ಹಿಗ್ಗಿಸುವುದಿಲ್ಲ. 'ಅನ್‌ಸೇಫ್' ಇನ್ನೂ ತೊಡಕಿನದು. ಆ ಬ್ಲಾಕ್‌ನೊಳಗಿನ ಕೋಡ್ ಅಪಾಯಕಾರಿ ಎಂದಲ್ಲ. ಕಂಪೈಲರ್ ಪರೀಕ್ಷಿಸಲಾಗದ ಕೆಲವು ಸಂಗತಿಗಳಿಗೆ ಬರೆದವರೇ ಜವಾಬ್ದಾರರು ಎಂದು ಅರ್ಥ. ಎರವಲಿನ ಪರೀಕ್ಷೆ ಆ ಬ್ಲಾಕ್‌ನೊಳಗೂ ಎಂದಿನಂತೆ ನಡೆಯುತ್ತಲೇ ಇರುತ್ತದೆ. ರೂಪಕವನ್ನು ಆರಿಸುವವರು ಅದರ ಒಂದು ಪದವನ್ನು ಮಾತ್ರ ಪರೀಕ್ಷಿಸಿದರೆ ಸಾಲದು, ಇಡೀ ಕುಟುಂಬವನ್ನೇ ನಡೆಸಿ ನೋಡಬೇಕು.

ಸಂಕ್ಷೇಪಗಳು, ಚಿಹ್ನೆಗಳು

ಇಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಪಟ್ಟಿಯ ಮೊದಲ ಅಂಶವನ್ನೂ ಉಳಿದ ಭಾಗವನ್ನೂ ಕೊಡುವ, ಲಿಸ್ಪ್ ಭಾಷೆಯ 'ಕಾರ್', 'ಕುಡರ್' ಎಂಬ ಹೆಸರುಗಳು ಐಬಿಎಂ 704 ಯಂತ್ರದ ರಿಜಿಸ್ಟರ್‌ನ ಭಾಗಗಳಿಂದ ಬಂದವು. ಯಂತ್ರ ಹೋಯಿತು, ಹೆಸರು ಉಳಿಯಿತು. ಕಾಮನ್ ಲಿಸ್ಪ್ ಅವುಗಳ ಜೊತೆಗೆ 'ಫಸ್ಟ್', 'ರೆಸ್ಟ್' ಕೊಟ್ಟಿತು, 2007ರ ಕ್ಲೋಜರ್ ಹಳೆಯವನ್ನು ಕೈಬಿಟ್ಟಿತು. ಏಕಕಾಲದಲ್ಲಿ ನಡೆಯುವ ಕೆಲಸಗಳು ಹಂಚಿಕೊಂಡ ಸಂಪನ್ಮೂಲಕ್ಕೆ ಸರದಿ ಕಾಯುವಂತೆ ಮಾಡುವ ಸೆಮಾಫೋರ್‌ಗಳಿಗೆ ಡೈಕ್‌ಸ್ಟ್ರಾ ಇಟ್ಟ 'ಪಿ', 'ವಿ' ಎಂಬ ಡಚ್ ಮೂಲದ ಅಕ್ಷರಗಳಿಗಿಂತ ಜಾವಾದ 'ಅಕ್ವೈರ್', 'ರಿಲೀಸ್' ಎಲ್ಲ ರೀತಿಯಲ್ಲೂ ಮೇಲು. ಹಳೆಯ ಯಂತ್ರದ ಅವಶೇಷವನ್ನು ಪರಿಭಾಷೆಯೆಂದು ಗೌರವಿಸಬೇಕಾದ ಅಗತ್ಯವಿಲ್ಲ.

ಚಿಹ್ನೆಗೆ ಬದಲಾಗಿ ಪದ ಇಡುವುದಾದರೆ ಚಿಹ್ನೆಯನ್ನು ತೆಗೆದುಹಾಕಿ. ಪೈಥಾನ್‌ನಲ್ಲಿ ತಾರ್ಕಿಕ ಜೋಡಣೆಗೆ 'ಆಂಡ್', 'ಆರ್' ಮಾತ್ರ ಇವೆ, ಗೊಂದಲವಿಲ್ಲ. ರೂಬಿಯಲ್ಲಿ ಪದಗಳೂ ಇವೆ, '&&', '||' ಚಿಹ್ನೆಗಳೂ ಇವೆ, ಮತ್ತು ಅವುಗಳ ಆದ್ಯತೆ ಬೇರೆ ಬೇರೆ. ಪದವನ್ನು ಬಳಸಿದರೆ ಮೌಲ್ಯ ನಿಯೋಜನೆಯೇ ಮೊದಲು ನಡೆದು, ಎಡಗಡೆಯದಷ್ಟೇ ವೇರಿಯಬಲ್‌ಗೆ ಸೇರುತ್ತದೆ. ಓದಲು ಒಂದೇ ಥರ ಕಾಣುವ ಎರಡು ಸಾಲುಗಳು ಎರಡು ಉತ್ತರ ಕೊಡುತ್ತವೆ.

ಸರಳ ಪದ ನಿಸ್ಸಂಶಯವಾಗಿ ಗೆಲ್ಲುವ ಕಡೆ

ಹಲವು ಬಗೆಯ ಮೌಲ್ಯಗಳಿಗೆ ಹೊಂದುವಂತೆ ಬರೆದ ಜೆನೆರಿಕ್ ಟೈಪ್‌ಗಳಲ್ಲಿ, ಒಂದರ ಬದಲು ಇನ್ನೊಂದನ್ನು ಯಾವಾಗ ಬಳಸಬಹುದೆಂದು ಹೇಳುವ 'ಕೋವೇರಿಯನ್ಸ್', 'ಕಾಂಟ್ರಾವೇರಿಯನ್ಸ್' ಎಂಬ ಜೋಡಿಯನ್ನು ಪಳಗಿದ ಪ್ರೋಗ್ರಾಮರ್‌ಗಳೂ ಅದಲುಬದಲು ಮಾಡುತ್ತಾರೆ. 2010ರ ಸಿ ಶಾರ್ಪ್ 4.0 ಇವುಗಳ ಜಾಗದಲ್ಲಿ 'ಔಟ್', 'ಇನ್' ಎಂಬ ಎರಡು ಕೀವರ್ಡ್‌ಗಳನ್ನು ತಂದಿತು, ಕೋಟ್ಲಿನ್ ಅದನ್ನು ಅನುಸರಿಸಿತು. ಟೈಪ್ ಹೊರಗೆ ಬರುವ ಜಾಗದಲ್ಲಿ ಮಾತ್ರ ಇದ್ದರೆ 'ಔಟ್', ಒಳಗೆ ಹೋಗುವ ಜಾಗದಲ್ಲಿ ಮಾತ್ರ ಇದ್ದರೆ 'ಇನ್'. ಇಲ್ಲಿ ಪದ ಹೇಳುವುದೂ ಕಂಪೈಲರ್ ಪರೀಕ್ಷಿಸುವುದೂ ಒಂದೇ ಸಂಗತಿ. ಪಾರಿಭಾಷಿಕ ಪದಗಳು ಕಳೆದುಹೋಗಲಿಲ್ಲ, ಕೈಪಿಡಿಯಲ್ಲಿ ಹಾಗೆಯೇ ಇವೆ. ಇಡೀ ವಿಷಯದಲ್ಲಿ ನಾನು ಮಾದರಿಯೆಂದು ತೋರಿಸುವುದು ಈ ನಿರ್ಧಾರವನ್ನೇ.

ಹೊಸಬರ ವಿಷಯದಲ್ಲಿ ಪುರಾವೆಯೂ ಇದೆ. ಆಂಡ್ರಿಯಾಸ್ ಸ್ಟೆಫಿಕ್ ಮತ್ತು ಸುಸಾನಾ ಸೀಬರ್ಟ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಪ್ರೋಗ್ರಾಮಿಂಗ್ ಮಾಡುವವರು ಪರ್ಲ್ ಮತ್ತು ಜಾವಾದಲ್ಲಿ ತೋರಿದ ನಿಖರತೆ, ಯಾದೃಚ್ಛಿಕವಾಗಿ ಆರಿಸಿದ ಕೀವರ್ಡ್‌ಗಳಿದ್ದ ಭಾಷೆಗಿಂತ ಗಣನೀಯವಾಗಿ ಹೆಚ್ಚಾಗಿರಲಿಲ್ಲ. ಪೈಥಾನ್, ರೂಬಿ ಮತ್ತು ಕ್ವೋರಮ್‌ಗಳಲ್ಲಿ ವ್ಯತ್ಯಾಸ ಕಂಡಿತು. ಕ್ವೋರಮ್ ಸ್ಟೆಫಿಕ್ ಅವರದೇ ಭಾಷೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಇದನ್ನು ಓದಬೇಕು. ಅದರಲ್ಲಿ ಲೂಪ್‌ಗೆ 'ರಿಪೀಟ್', ಸ್ಟ್ರಿಂಗ್‌ಗೆ 'ಟೆಕ್ಸ್ಟ್', ದಶಮಾಂಶ ಸಂಖ್ಯೆಗೆ 'ನಂಬರ್' ಎಂಬ ಹೆಸರುಗಳಿವೆ. ಅನುಭವಿಗಳಿಗೆ 'ಫಾರ್' ಎಷ್ಟು ರೂಢಿಯಾಗಿದೆಯೆಂದರೆ, ಮತ್ತೆ ಮತ್ತೆ ಮಾಡುವುದಕ್ಕೂ ಆ ಪದಕ್ಕೂ ಸಂಬಂಧವೇ ಇಲ್ಲವೆಂಬುದು ಅವರಿಗೆ ಕಾಣುವುದೇ ಇಲ್ಲ. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಭಾಷೆಯನ್ನು ತಂದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಹೊಸಬರಿಗೆ ಸರಳ ಪದವೇ ಬೇಕೆಂಬುದನ್ನು ಬಲ್ಲವರು. ಅವರ ವ್ಯವಸ್ಥೆಯೊಳಗೆ ಹೋಗಲು 'ಹಲೋ', ಹೊರಬರಲು 'ಗುಡ್‌ಬೈ' ಎಂದು ಟೈಪ್ ಮಾಡಬೇಕಿತ್ತು.

ದೋಷಸಂದೇಶಗಳಲ್ಲಂತೂ ಸರಳ ಮಾತೇ ಮೊದಲು ಬರಬೇಕು. ಅದನ್ನು ಓದುವವರು ಆಗಲೇ ಸಿಕ್ಕಿಕೊಂಡಿರುತ್ತಾರೆ. ರಸ್ಟ್ ಕಂಪೈಲರ್ ವರ್ಗಾವಣೆಯಾದ ಮೌಲ್ಯವನ್ನು ಬಳಸಲಾಗಿದೆ ಎಂದು ನೇರವಾಗಿ ಹೇಳಿ, ಎಲ್ಲಿ ವರ್ಗಾವಣೆಯಾಯಿತೆಂದು ಸಾಲನ್ನು ತೋರಿಸಿ, ಜೊತೆಗೆ ಇ0382 ಎಂಬ ಸಂಕೇತವನ್ನೂ ಕೊಡುತ್ತದೆ. ಸಂಕೇತವನ್ನು ಹಿಡಿದು ಹೋದರೆ ಪೂರ್ಣ ವಿವರಣೆ ಸಿಗುತ್ತದೆ. ಅರ್ಥಕ್ಕೆ ಸರಳ ವಾಕ್ಯ, ಹುಡುಕಾಟಕ್ಕೆ ನಿಖರ ಗುರುತು. ಎರಡೂ ಬೇಕು.

ಯಾರಿಗೆ ಸರಳ?

ಸರಳ ಇಂಗ್ಲಿಷ್ ಎನ್ನುವಾಗ ಒಂದು ಪ್ರಶ್ನೆಯನ್ನು ಮರೆಯುವಂತಿಲ್ಲ. ಇಂಗ್ಲಿಷ್ ಮಾತೃಭಾಷೆಯಾಗಿರುವವರಿಗೆ ಹಗುರವೆನಿಸುವ 'ಫಾಲ್ ಥ್ರೂ', 'ಟೇರ್ ಡೌನ್', 'ಆಪ್ಟ್ ಔಟ್' ಎಂಬ ಜೋಡಿಪದಗಳು ಅದನ್ನು ಎರಡನೆಯ ಭಾಷೆಯಾಗಿ ಕಲಿತವರಿಗೆ ಬಹಳ ಭಾರ. ಪದಗಳನ್ನು ಬಿಡಿಸಿ ಓದಿದರೆ ಅರ್ಥ ಕೂಡಿಬರುವುದಿಲ್ಲ. 'ಇನಿಷಿಯಲೈಸ್' ಉದ್ದವಾಗಿದ್ದರೂ ಒಂದೇ ಅರ್ಥದ್ದು, ನಿಘಂಟಿನಲ್ಲಿ ಸಿಗುತ್ತದೆ, ಅನುವಾದವಾಗುತ್ತದೆ. 'ಸೆಟ್', 'ರನ್', 'ಗೆಟ್' ಎಂಬ ಪುಟ್ಟ ಪದಗಳಿಗೆ ನಿಘಂಟಿನಲ್ಲಿ ಪುಟಗಟ್ಟಲೆ ಅರ್ಥಗಳಿವೆ. ಎಕ್ಸೆಲ್ ತನ್ನ ಫಂಕ್ಷನ್ ಹೆಸರುಗಳನ್ನೇ ಹಲವು ಭಾಷೆಗಳಿಗೆ ಬದಲಿಸಿಕೊಡುತ್ತದೆ. ಜರ್ಮನ್ ಆವೃತ್ತಿಯಲ್ಲಿ 'ಇಫ್' ಎಂಬುದು 'ವೆನ್'. ಅದೇ ಎಕ್ಸೆಲ್, ಪ್ರೋಗ್ರಾಮರ್‌ಗಳಲ್ಲದ ಅಸಂಖ್ಯ ಜನರ ಕೈಯಲ್ಲಿರುವಾಗಲೂ, ಬಳಕೆದಾರರೇ ಫಂಕ್ಷನ್ ರಚಿಸುವ ಸೌಲಭ್ಯವನ್ನು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದಾಗ 'ಲ್ಯಾಂಬ್ಡಾ' ಎಂಬ ಗ್ರೀಕ್ ಅಕ್ಷರದ ಹೆಸರನ್ನೇ ಉಳಿಸಿಕೊಂಡಿತು. ಆ ಆಯ್ಕೆಯನ್ನು ನಾನು ಸಮರ್ಥಿಸುತ್ತೇನೆ. ಜಗತ್ತಿನ ಯಾವ ಮೂಲೆಯವರಿಗೂ ಅದು ಸಮಾನವಾಗಿ ಅಪರಿಚಿತ, ಸಮಾನವಾಗಿ ಕಲಿಯಬಹುದಾದದ್ದು.

ಆರಿಸುವಾಗ

ಎರಡು ಹೆಸರುಗಳ ನಡುವೆ ತೂಗುತ್ತಿದ್ದರೆ, ಕೆಲಸದ ಪರಿಚಯವಿಲ್ಲದ ಒಬ್ಬರಿಗೆ ಆ ಹೆಸರಿರುವ ಒಂದು ಸಾಲು ಕೋಡನ್ನು ತೋರಿಸಿ, ಇದೇನು ಮಾಡಬಹುದೆಂದು ಕೇಳಿ. ಉತ್ತರ ಸರಿಯಾಗಿದ್ದರೆ ಸರಳ ಪದ ಇರಲಿ. 'ಗೊತ್ತಿಲ್ಲ' ಎಂದರೆ ಚಿಂತೆಯಿಲ್ಲ, ಬಳಕೆದಾರರು ಕಲಿಯಲು ಸಿದ್ಧರಿರುವ ಕಡೆ ಆ ಪದವನ್ನು ಇಡಬಹುದು. ತಪ್ಪು ಉತ್ತರವನ್ನು ಆತ್ಮವಿಶ್ವಾಸದಿಂದ ಕೊಟ್ಟರೆ ಆ ಹೆಸರನ್ನು ಅಲ್ಲಿಯೇ ಬಿಟ್ಟುಬಿಡಿ. ತುದಿಗಳು ಸೇರಿವೆಯೇ, ಮೂಲ ಪಟ್ಟಿ ಬದಲಾಗುತ್ತದೆಯೇ, ಏನೂ ಸಿಗದಿದ್ದರೆ ಏನು ಬರುತ್ತದೆ ಎಂಬ ಅಂಚಿನ ಪ್ರಶ್ನೆಗಳನ್ನೂ ಕೇಳಿ. ಸರಳ ಪದಗಳು ಸೋಲುವುದು ಹೆಚ್ಚಾಗಿ ಅಲ್ಲಿಯೇ.

ತಪ್ಪಾದರೆ ಬೆಲೆ ಯಾರು ತೆರುತ್ತಾರೆಂಬುದನ್ನೂ ನೋಡಿ. ಕಂಪೈಲರ್ ತಕ್ಷಣ ಹಿಡಿಯುವ ಕಡೆ ಪದ ಕೊಂಚ ಸಡಿಲವಾಗಿದ್ದರೂ ನಡೆಯುತ್ತದೆ. ಹಣದ ಲೆಕ್ಕ, ಏಕಕಾಲದಲ್ಲಿ ನಡೆಯುವ ಥ್ರೆಡ್‌ಗಳು, ಗೂಢಲಿಪಿ ಮುಂತಾದ ಕಡೆ ತಪ್ಪು ಸದ್ದಿಲ್ಲದೆ ದಾಟಿಹೋಗುತ್ತದೆ; ಅಲ್ಲಿ ಕ್ಷೇತ್ರದ ನಿಖರ ಪದವನ್ನೇ ಇಡಿ. ಗೂಢಲಿಪಿಯ 'ನಾನ್ಸ್' ಅನ್ನು ಸರಳಗೊಳಿಸಲು 'ನಂಬರ್' ಎಂದು ಬರೆದರೆ, ಅದನ್ನು ಒಮ್ಮೆ ಮಾತ್ರ ಬಳಸಬೇಕೆಂಬ ಜೀವಾಳವೇ ಹೊರಟುಹೋಗುತ್ತದೆ.

ಹೆಸರು ಈಗಾಗಲೇ ಬಳಕೆಯಲ್ಲಿದ್ದರೆ, ಬದಲಿಸುವ ಮುನ್ನ ಜೊತೆಗೆ ಇನ್ನೊಂದನ್ನು ಕೊಡುವ ದಾರಿ ಇದೆ. ರೂಬಿ 2018ರ 2.6 ಆವೃತ್ತಿಯಲ್ಲಿ 'ಸೆಲೆಕ್ಟ್'ಗೆ 'ಫಿಲ್ಟರ್' ಎಂಬ ಪರ್ಯಾಯ ಹೆಸರನ್ನು ಸೇರಿಸಿತು, ಹಳೆಯ ಕೋಡ್ ಒಂದು ಸಾಲೂ ಕೆಡಲಿಲ್ಲ. ಹಾಗೆ ಮಾಡುವುದಾದರೆ ಎರಡು ಹೆಸರುಗಳ ವರ್ತನೆ ಅಕ್ಷರಶಃ ಒಂದೇ ಆಗಿರಲಿ, ಕೈಪಿಡಿಯ ಉದಾಹರಣೆಗಳೆಲ್ಲ ಹೊಸ ಹೆಸರಿನಲ್ಲಿರಲಿ, ಹಳೆಯ ಹೆಸರಿನ ಪುಟದಲ್ಲಿ ಹೊಸದಕ್ಕೆ ಕೊಂಡಿ ಇರಲಿ.